ಕೆಲಸ ಕೇಳುವ ಮೊದಲು ಮಾಡಿದ ಕೆಲಸ ತೋರಿಸಿ

ರಾತ್ರಿ ಹನ್ನೊಂದರ ಹೊತ್ತು. ನೆಲ್ಯಾಡಿ ಪೇಟೆಯ ಅಂಗಡಿಗಳೆಲ್ಲ ಬಾಗಿಲೆಳೆದಾಗಿದೆ. ಮಂಗಳೂರು ಕಡೆಯಿಂದ ಬಂದ ಬೆಂಗಳೂರು ಬಸ್ಸುಗಳು ಒಂದರ ಹಿಂದೊಂದು ಶಿರಾಡಿ ಘಾಟಿಯತ್ತ ಹೋಗುತ್ತಿವೆ. ರಸ್ತೆ ಬದಿಯಲ್ಲಿ ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಹಿಡಿದ ಹುಡುಗ. ಪಕ್ಕದಲ್ಲಿ ಬಸ್ಸು ಹತ್ತಿಸಲು ಬಂದ ಅಪ್ಪ. ಫೈಲಿನೊಳಗೆ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಯವರೆಗಿನ ಅಂಕಪಟ್ಟಿಗಳು, ಎನ್ನೆಸ್ಸೆಸ್ ಶಿಬಿರದ ಸರ್ಟಿಫಿಕೇಟು, ಆರು ಪಾಸ್‌ಪೋರ್ಟ್ ಸೈಜಿನ ಫೋಟೋ. "ಒರಿಜಿನಲ್ ಯಾರ ಕೈಯಲ್ಲೂ ಬಿಟ್ಟು ಬರಬೇಡ, ಆಯ್ತಾ?" ಎಂದು ಅಪ್ಪ ಮೂರನೇ ಸಲ ಹೇಳುತ್ತಾರೆ. ಅಡಿಕೆ ಮಾರಿ, ರಬ್ಬರ್ ಶೀಟು ಮಾರಿ ಕಟ್ಟಿದ ಫೀಸೆಲ್ಲ ಆ ಫೈಲಿನಲ್ಲಿದೆ. ಅವರ ಆತಂಕ ನಮಗೆ ಅರ್ಥವಾಗುವಂಥದ್ದೇ.

ನೆಲ್ಯಾಡಿ, ಕೊಕ್ಕಡ, ಕಡಬ, ಸುಬ್ರಹ್ಮಣ್ಯ ಕಡೆಯ ಯಾವ ಮನೆಗೂ ಈ ದೃಶ್ಯ ಹೊಸತಲ್ಲ. ಆದರೆ ಬೆಳಗ್ಗೆ ಬೆಂಗಳೂರಿನಲ್ಲಿಳಿದ ಮೇಲೆ ಆ ಫೈಲು ಏನು ಹೇಳುತ್ತದೆ ಎಂದು ಒಮ್ಮೆ ಯೋಚಿಸಿ. ಹುಡುಗ ಪಾಸಾಗಿದ್ದಾನೆ, ಇಷ್ಟು ಅಂಕ ಬಂದಿದೆ ಎಂದು ಹೇಳುತ್ತದೆ. ಅವನಿಗೆ ಏನು ಮಾಡಲು ಬರುತ್ತದೆ ಎಂಬುದನ್ನು ಹೇಳುವುದಿಲ್ಲ. ಅದೇ ಸಾಲಿನಲ್ಲಿ ಕುಳಿತ ಇನ್ನೂರು ಮಂದಿಯ ಫೈಲುಗಳೂ ಅದನ್ನೇ ಹೇಳುತ್ತಿರುತ್ತವೆ. ಹಾಗಾದಾಗ ಆರಿಸುವವರು ಏನು ಮಾಡುತ್ತಾರೆ? ದೊಡ್ಡ ಕಾಲೇಜಿನ ಹೆಸರು ನೋಡುತ್ತಾರೆ. ಅಥವಾ ಗೊತ್ತಿದ್ದವರು ಹೇಳಿದ ಹೆಸರನ್ನು ಹುಡುಕುತ್ತಾರೆ. ಬೆಂಗಳೂರಿನಲ್ಲಿ ಕಂಪೆನಿಯೊಳಗೆ ಒಬ್ಬ ಭಾವನೋ ಚಿಕ್ಕಪ್ಪನೋ ಇರುವವರಿಗೆ ಒಂದು ಮಾತು ಮುಂಚಿತವಾಗಿ ಹೋಗಿರುತ್ತದೆ. ಇಲ್ಲದವರಿಗೆ?

ಇಲ್ಲದವರಿಗಾಗಿಯೇ ಈ ಲೇಖನ. ಅಂತರಜಾಲದಲ್ಲಿ ತಮ್ಮದೇ ಒಂದು ಪುಟ ಮಾಡಿ, ತಾವು ಮಾಡಿದ ಕೆಲಸವನ್ನು ಅಲ್ಲಿ ತೆರೆದಿಡುವ ಕ್ರಮಕ್ಕೆ ಆನ್‌ಲೈನ್ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಇಟಾಲಿಯನ್ ಭಾಷೆಯ ಈ ಮಾತಿನ ಮೂಲ ಅರ್ಥ ಹಾಳೆಗಳನ್ನು ಹೊತ್ತೊಯ್ಯುವ ಚೀಲ. ಚಿತ್ರಕಾರರು, ಕಟ್ಟಡದ ನಕ್ಷೆ ಬರೆಯುವವರು ತಮ್ಮ ಹಾಳೆಗಳನ್ನು ಇಂಥ ಚೀಲದಲ್ಲಿ ಹೊತ್ತು ಕೆಲಸ ಕೊಡುವವರ ಮುಂದೆ ಬಿಡಿಸುತ್ತಿದ್ದರು. ನಮ್ಮ ಹುಡುಗನ ಕೈಯ ಪ್ಲಾಸ್ಟಿಕ್ ಫೈಲೂ ಒಂದು ಪೋರ್ಟ್‌ಫೋಲಿಯೊವೇ. ಅದರಲ್ಲಿ ಬೇರೆಯವರು ಅವನ ಬಗ್ಗೆ ಕೊಟ್ಟ ಕಾಗದಗಳು ಮಾತ್ರ ಇವೆ, ಅವನೇ ಮಾಡಿದ್ದು ಒಂದೂ ಇಲ್ಲ. ಕೊರತೆ ಇರುವುದು ಅಲ್ಲಿ.

ಅಡಿಕೆ ಮರ ಹತ್ತಿದ ಬೈಕು

ತೋರಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಯಂತ್ರವೊಂದನ್ನು ಮಾಡಿದ್ದು ನಿಮಗೆ ನೆನಪಿರಬಹುದು. ಮರ ಹತ್ತುವ ಆಳುಗಳು ಸಿಗುವುದಿಲ್ಲ, ಮಳೆಗಾಲದಲ್ಲಿ ಪಾಚಿಗಟ್ಟಿದ ಮರ ಜಾರುತ್ತದೆ. ಈ ಕಷ್ಟ ನಮ್ಮೂರಿನ ಎಲ್ಲ ತೋಟದಲ್ಲೂ ಇದೆ. ಅವರ ಯಂತ್ರದ ವೀಡಿಯೋ 2019ರಲ್ಲಿ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಾ ದೇಶವನ್ನೆಲ್ಲ ಸುತ್ತಿತು. ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ನೋಡಿ ಟ್ವಿಟರ್‌ನಲ್ಲಿ ಹಂಚಿಕೊಂಡರು.

ಆ ವೀಡಿಯೋದಲ್ಲಿ ಅಲಂಕಾರವೇನೂ ಇರಲಿಲ್ಲ. ಒಬ್ಬ ಮನುಷ್ಯ ಸೀಟಿನಲ್ಲಿ ಕುಳಿತು ಬೆಲ್ಟು ಬಿಗಿದುಕೊಳ್ಳುತ್ತಾನೆ, ಎಂಜಿನ್ ಸದ್ದು ಮಾಡುತ್ತದೆ, ನೋಡನೋಡುತ್ತಿದ್ದಂತೆ ಅವನು ಮರದ ತುದಿಯಲ್ಲಿರುತ್ತಾನೆ, ಮತ್ತೆ ಕೆಳಗಿಳಿಯುತ್ತಾನೆ. ಮಾಡಿದವರ ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ. ಅವರ ಊರು ಎಲ್ಲಿದೆ ಎಂದು ಗೊತ್ತಿಲ್ಲದವರಿಗೂ ಯಂತ್ರ ಏನು ಮಾಡುತ್ತದೆ ಎಂಬುದು ಒಂದು ನಿಮಿಷದಲ್ಲಿ ತಿಳಿಯಿತು. ಭಟ್ಟರು ನೌಕರಿ ಹುಡುಕಲು ಹೊರಟವರಲ್ಲ ಎನ್ನುವುದು ನಿಜ. ಆದರೆ ಗೊತ್ತಿಲ್ಲದವನೊಬ್ಬನಿಗೆ ತನ್ನ ಕೆಲಸ ತೋರಿಸಬೇಕಾದ ಹುಡುಗನಿಗೆ ಇದಕ್ಕಿಂತ ಹತ್ತಿರದ ಪಾಠ ಸಿಗಲಾರದು.

ಇನ್ನೊಂದು ಉದಾಹರಣೆ ಅದಕ್ಕಿಂತ ಹಳೆಯದು, ಅಂತರಜಾಲ ನಮ್ಮೂರಿಗೆ ಬರುವುದಕ್ಕೂ ಮುಂಚಿನದು. 1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಹೊರಟಿತು. ಶ್ರೀಪಡ್ರೆ ಮತ್ತು ಅವರ ಬಳಗದವರು ಲೇಖನಿಯನ್ನು ಕೃಷಿಕರ ಕೈಗೇ ಕೊಟ್ಟರು. ಹಾರೆ ಹಿಡಿದವರೇ ತಮ್ಮ ಅನುಭವ ಬರೆಯಬೇಕು, ಎಷ್ಟು ಖರ್ಚಾಯಿತು, ಎಲ್ಲಿ ಸೋತೆ ಎಂಬುದನ್ನೂ ಬರೆಯಬೇಕು, ಓದಿದವರು ಬೇಕಾದರೆ ನೇರವಾಗಿ ಬರೆದವರನ್ನೇ ಕೇಳಿ ಪರೀಕ್ಷಿಸಬಹುದು. ಪೋರ್ಟ್‌ಫೋಲಿಯೊ ಹೇಗಿರಬೇಕೆಂದು ಕಲಿಯಲು ವಿದ್ಯಾರ್ಥಿಗಳು ಅಮೆರಿಕದ ಜಾಲತಾಣ ಹುಡುಕುವ ಬದಲು ಮನೆಯ ಅಟ್ಟದಲ್ಲಿರುವ ಹಳೆಯ ಸಂಚಿಕೆಗಳನ್ನು ಇಳಿಸಿ ನೋಡಬಹುದು. ಮಾಡಿದ್ದು ಏನು, ಏಕೆ, ಹೇಗೆ, ಎಲ್ಲಿ ತಪ್ಪಿತು, ಕೊನೆಗೆ ಏನಾಯಿತು ಎಂಬ ಐದು ಸಂಗತಿ ಅಂಥ ಬರಹಗಳಲ್ಲಿ ಸಿಗುತ್ತವೆ. ಪೋರ್ಟ್‌ಫೋಲಿಯೊದ ಪ್ರತಿಯೊಂದು ಕೆಲಸದ ಕೆಳಗೂ ಬರೆಯಬೇಕಾದ್ದು ಅಷ್ಟೇ.

ಅಜ್ಜನ ಮಳೆ ಡೈರಿ

"ತೋರಿಸುವುದಕ್ಕೆ ನನ್ನ ಹತ್ತಿರ ಎಂತ ಉಂಟು ಸರ್?" ಎಂದು ಮಕ್ಕಳು ಕೇಳುವುದುಂಟು. ಕಾಲೇಜಿನ ಪ್ರಾಜೆಕ್ಟು ಒಂದಿದೆ, ಅದನ್ನೂ ನಾಲ್ಕು ಮಂದಿ ಸೇರಿ ಮಾಡಿದ್ದು, ನಿಜ ಹೇಳಬೇಕೆಂದರೆ ಒಬ್ಬನೇ ಮಾಡಿದ್ದು. ಅಂಥದ್ದನ್ನು ತೋರಿಸಿ ಪ್ರಯೋಜನವಿಲ್ಲ. ಮನೆಯ ಸುತ್ತ ನೋಡಿ.

ಪುತ್ತೂರು, ಸುಳ್ಯ, ಕಡಬದ ಕಡೆ ಮಳೆ ಅಳೆದು ಬರೆದಿಡುವ ಕೃಷಿಕರು ಹಲವರಿದ್ದಾರೆ. ದಿನಾ ಬೆಳಗ್ಗೆ ಮಾಪಕ ನೋಡಿ ಡೈರಿಯಲ್ಲಿ ಒಂದು ಸಂಖ್ಯೆ ಬರೆಯುತ್ತಾರೆ. ನಿಮ್ಮ ಅಜ್ಜನೋ ನೆರೆಮನೆಯ ಮಾವನೋ ಅಂಥವರಾಗಿದ್ದರೆ, ಬಿ.ಎಸ್ಸಿ. ಅಥವಾ ಬಿ.ಸಿ.ಎ. ಓದುವ ಮಗುವಿಗೆ ಅದೊಂದು ನಿಧಿ. ಮುಂಗಾರಿನ ನಾಲ್ಕು ತಿಂಗಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ಹತ್ತು ವರ್ಷಕ್ಕೆ 1,220 ಸಂಖ್ಯೆಗಳು. ದಿನಕ್ಕೆ ಒಂದು ಗಂಟೆಯಂತೆ ಕುಳಿತರೆ ಒಂದು ವಾರದಲ್ಲಿ ಗಣಕಯಂತ್ರಕ್ಕೆ ಏರಿಸಿ ಮುಗಿಸಬಹುದು.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಒಂದು ದಿನದ ಅಂಕಿ ಬರೆದಿಲ್ಲ. ಆ ದಿನ ಮಳೆ ಬರಲಿಲ್ಲವೋ, ಅಜ್ಜ ಮದುವೆಗೆ ಹೋಗಿದ್ದರೋ? ಇನ್ನೊಂದೆಡೆ 12.5 ಎಂದಿದೆಯೋ 125 ಎಂದಿದೆಯೋ ಸ್ಪಷ್ಟವಿಲ್ಲ. ಕೆಲವು ವರ್ಷ ಇಂಚಿನಲ್ಲಿ, ಆಮೇಲೆ ಮಿಲಿಮೀಟರಿನಲ್ಲಿ ಬರೆದಿದ್ದಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಗ್ಗೆ ಎಂಟೂವರೆಗೆ ಮುಗಿಯುತ್ತದೆ. ಅಜ್ಜ ಮಾಪಕ ನೋಡುತ್ತಿದ್ದುದು ಎಷ್ಟು ಗಂಟೆಗೆ? ಎರಡೂವರೆ ಮಿಲಿಮೀಟರಾದರೂ ಬಿದ್ದರೆ ಮಾತ್ರ ಅದನ್ನು ಮಳೆ ದಿನವೆಂದು ಇಲಾಖೆ ಎಣಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಅಂಥ ದಿನ ಎಷ್ಟು? ಈ ಪ್ರಶ್ನೆಗಳನ್ನು ನೀವು ಹೇಗೆ ಬಿಡಿಸಿದಿರಿ ಎಂದು ಒಂದು ಪುಟ ಬರೆದರೆ, ಓದಿದವರಿಗೆ ನಿಮ್ಮ ಬುದ್ಧಿ ಹೇಗೆ ಓಡುತ್ತದೆ ಎಂಬುದು ಕಾಣಿಸುತ್ತದೆ. ದತ್ತಾಂಶ ವಿಶ್ಲೇಷಣೆ ಎಂದು ದೊಡ್ಡ ಹೆಸರಿಟ್ಟು ಕಂಪೆನಿಗಳು ಮಾಡಿಸುವ ಕೆಲಸದ ಬಹುಭಾಗ ಇಂಥ ಗೊಂದಲ ಬಿಡಿಸುವುದೇ.

"ಈಗ ಜೂನ್‌ನಲ್ಲಿ ಮೊದಲಿನ ಹಾಗೆ ಮಳೆ ಇಲ್ಲ" ಎಂಬ ಮಾತು ನಮ್ಮ ಎಲ್ಲ ಜಗಲಿಗಳಲ್ಲೂ ಕೇಳಿಬರುತ್ತದೆ. ನಿಮ್ಮ ಪಟ್ಟಿ ಅದನ್ನು ಒಪ್ಪುತ್ತದೆಯೇ? ತಿಂಗಳುವಾರು ಗೆರೆ ಎಳೆದು ನೋಡಿ. ಕಂಡದ್ದನ್ನು ಬರೆಯಿರಿ, ಜೊತೆಗೆ ಹತ್ತು ವರ್ಷದ ಅಂಕಿ ಹಿಡಿದು ಹವಾಮಾನವೇ ಬದಲಾಗಿದೆ ಎನ್ನಲು ಬರುವುದಿಲ್ಲ, ಅದಕ್ಕೆ ವಿಜ್ಞಾನಿಗಳು ಸಾಮಾನ್ಯವಾಗಿ 30 ವರ್ಷದ ಸರಾಸರಿ ನೋಡುತ್ತಾರೆ ಎಂದೂ ಬರೆಯಿರಿ. ತನ್ನ ಲೆಕ್ಕದ ಮಿತಿಯನ್ನು ತಾನೇ ಹೇಳುವ ಇಪ್ಪತ್ತೊಂದು ವರ್ಷದ ಹುಡುಗಿಯನ್ನು ಸಂದರ್ಶನದಲ್ಲಿ ಕೂತವರು ಮರೆಯುವುದಿಲ್ಲ. ಅಜ್ಜನ ಹೆಸರು ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ. ಹೆಚ್ಚಿನವರಿಗೆ ಸಂತೋಷವೇ ಆಗುತ್ತದೆ.

ಪ್ರೋಗ್ರಾಮಿಂಗ್ ಕಲಿಯುವವರಿಗೂ ತೋಟದಲ್ಲೇ ಕೆಲಸವಿದೆ. ಕೊಳೆರೋಗಕ್ಕೆ ಬಿಡುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತೋಟದ ಮರಗಳ ಸಂಖ್ಯೆ, ಮರವೊಂದಕ್ಕೆ ಬೇಕಾಗುವ ದ್ರಾವಣ, ಡ್ರಮ್ಮಿನ ಅಳತೆ ಕೊಟ್ಟರೆ ಎಷ್ಟು ಸಾಮಾನು ತರಬೇಕು ಎಂದು ಹೇಳುವ ಒಂದು ಪುಟ ಮಾಡಿ, ಕನ್ನಡದಲ್ಲಿ. ನೆರೆಯ ನಾಲ್ಕು ಮಂದಿ ಕೃಷಿಕರ ಮೊಬೈಲಿಗೆ ಹಾಕಿ, ಮೊದಲ ಸಲ ಅವರು ಎಲ್ಲಿ ತಡವರಿಸಿದರು, ನೀವು ಏನು ಬದಲಾಯಿಸಿದಿರಿ ಎಂದು ಬರೆದಿಡಿ. ಇಡೀ ದೇಶದ ವಿದ್ಯಾರ್ಥಿಗಳು ಪುಸ್ತಕ ನೋಡಿ ಮಾಡುವ 'ಲೈಬ್ರರಿ ನಿರ್ವಹಣಾ ವ್ಯವಸ್ಥೆ'ಗಿಂತ ಇದಕ್ಕೆ ಹೆಚ್ಚು ಬೆಲೆ. ಬಳಸಿದವರು ನಿಜವಾದ ಮನುಷ್ಯರು.

ಐ.ಟಿ.ಐ., ಡಿಪ್ಲೊಮಾ ಮಾಡಿದವರಿಗೆ ಇದು ಇನ್ನೂ ಸುಲಭ. ಸುಟ್ಟುಹೋದ ಪಂಪಿನ ಸ್ಟಾರ್ಟರು ರಿಪೇರಿ ಮಾಡುವ ಮೊದಲೊಂದು ಫೋಟೋ, ಆಮೇಲೊಂದು ಫೋಟೋ, ದೋಷ ಹೇಗೆ ಪತ್ತೆಯಾಯಿತು ಎಂದು ಐದು ಸಾಲು. ಕಾಮರ್ಸ್‌ನವರು ಸ್ವಲ್ಪ ಎಚ್ಚರದಿಂದಿರಬೇಕು. ಸ್ವಸಹಾಯ ಸಂಘದ ಲೆಕ್ಕ ಬರೆದುಕೊಡುವ ಹುಡುಗಿ ಆ ಪುಸ್ತಕದ ಪುಟವನ್ನು ಅಂತರಜಾಲಕ್ಕೆ ಹಾಕಿದರೆ ಹತ್ತು ಮನೆಯ ಸಾಲದ ಗುಟ್ಟು ಊರಿಗೇ ಗೊತ್ತಾದೀತು. ಅದೇ ಮಾದರಿಯನ್ನು ಕಲ್ಪಿತ ಹೆಸರು, ಕಲ್ಪಿತ ಅಂಕಿಗಳಲ್ಲಿ ಮಾಡಿ, 'ಇವು ಕಲ್ಪಿತ' ಎಂದು ಮೇಲೆಯೇ ಬರೆಯಬೇಕು. ಗುಟ್ಟು ಕಾಯಲು ಗೊತ್ತಿದೆ ಎಂಬುದನ್ನೂ ಲೆಕ್ಕಪತ್ರದ ಕೆಲಸ ಕೊಡುವವರು ನೋಡುತ್ತಾರೆ.

ಕಲಾ ವಿಭಾಗದವರು ತಮಗೇನೂ ಇಲ್ಲವೆಂದು ಕೂರಬಾರದು. ಬರೆಯಲು ಆಸಕ್ತಿ ಇರುವವರಿಗೆ ವಿಕಿಪೀಡಿಯ ಇದೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ, ತುಳು ವಿಕಿಪೀಡಿಯ 2016ರಲ್ಲಿ. ಅಲ್ಲಿ ನೀವು ಸೇರಿಸಿದ, ತಿದ್ದಿದ ಪ್ರತಿಯೊಂದು ಸಾಲೂ ದಿನಾಂಕ, ಗಂಟೆ ಸಹಿತ ನಿಮ್ಮ ಖಾತೆಯ 'ಕೊಡುಗೆಗಳು' ಪುಟದಲ್ಲಿ ದಾಖಲಾಗಿರುತ್ತದೆ. ಭಾಷಾಂತರ, ಸಂಪಾದನೆ, ಪತ್ರಿಕೋದ್ಯಮದ ಕೆಲಸ ಹುಡುಕುವವರಿಗೆ ಯಾರೂ ಅಲ್ಲಗಳೆಯಲಾಗದ ಸಾಕ್ಷಿ ಅದು. ಇನ್ನು ಮಾತುಗಾರರು. 'ಸಂವಹನ ಕೌಶಲ' ಬೇಕು ಎಂದು ಜಾಹೀರಾತುಗಳಲ್ಲಿ ಬರೆಯುತ್ತಾರಲ್ಲ, ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿಗೆ ಬರೆದುಕೊಂಡ ಸಂಭಾಷಣೆಯಿಲ್ಲದೆ ಅರ್ಧ ಗಂಟೆ ಉತ್ತರ ಕೊಡುವ ಹುಡುಗನಿಗೆ ಅದಿಲ್ಲವೆಂದು ಯಾರು ಹೇಳಿಯಾರು? ಎರಡು ನಿಮಿಷದ ವೀಡಿಯೋ ಹಾಕಿ, ತಾಳಮದ್ದಳೆ ಎಂದರೇನು, ಮಾತುಗಳು ಅಲ್ಲೇ ಹೊಳೆದವು ಎಂದು ಕೆಳಗೆ ಮೂರು ಸಾಲು ಇಂಗ್ಲಿಷಿನಲ್ಲಿ ಬರೆಯಿರಿ. ಓದುವವರು ನಮ್ಮ ಕಡೆಯವರೇ ಆಗಿರಬೇಕೆಂದಿಲ್ಲವಲ್ಲ.

ಪುಟ ಕಟ್ಟುವ ಬಗೆ

ಈ ಭಾಗ ಮಕ್ಕಳಿಗೆ ನಮಗಿಂತ ಬೇಗ ಅರ್ಥವಾಗುತ್ತದೆ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಗೂಗಲ್ ಸೈಟ್ಸ್ ಎಂಬುದು ಉಚಿತ. ಜಿ-ಮೇಲ್ ಖಾತೆ ಇದ್ದರೆ ಸಾಕು, ಕೋಡ್ ಬರೆಯಲು ಬರಬೇಕಾಗಿಲ್ಲ. ಮೊಬೈಲಿನಲ್ಲಿ ಒದ್ದಾಡುವುದಕ್ಕಿಂತ ಕಾಲೇಜಿನ ಗಣಕಯಂತ್ರದಲ್ಲಿ ಎರಡು ಮಧ್ಯಾಹ್ನ ಕೂರುವುದು ಒಳ್ಳೆಯದು. ಪ್ರೋಗ್ರಾಂ ಬರೆಯುವವರಿಗೆ 2008ರಲ್ಲಿ ಶುರುವಾದ ಗಿಟ್‌ಹಬ್ ಇದೆ. ಕೋಡನ್ನೂ ಅಲ್ಲಿಡಬಹುದು, ಪುಟವನ್ನೂ ಅಲ್ಲಿಂದಲೇ ಉಚಿತವಾಗಿ ಪ್ರಕಟಿಸಬಹುದು. ಚಿತ್ರ, ವಿನ್ಯಾಸದವರು ಬಿಹ್ಯಾನ್ಸ್ ನೋಡಬಹುದು. ಲಿಂಕ್ಡ್‌ಇನ್‌ನಲ್ಲಿ ಹೆಸರು, ಓದು, ಅನುಭವ ಇರಲಿ, ಅಲ್ಲಿಂದ ನಿಮ್ಮ ಪುಟಕ್ಕೆ ಕೊಂಡಿ ಕೊಡಿ. ಸ್ವಂತ ಹೆಸರಿನ ವಿಳಾಸವೇ ಬೇಕೆಂದರೆ ವರ್ಷಕ್ಕೆ ಕೆಲವು ನೂರು ರೂಪಾಯಿ ಖರ್ಚಿದೆ. ವರ್ಷ ಕಳೆದು ನವೀಕರಿಸಲು ಮರೆತರೆ ಅರ್ಜಿಯಲ್ಲಿ ಕೊಟ್ಟ ವಿಳಾಸವೆಲ್ಲ ಸತ್ತಂತೆ. ಮೊದಲಿಗೆ ಉಚಿತದ್ದೇ ಸಾಕು ಎಂದು ನನ್ನ ಅಭಿಪ್ರಾಯ.

ಮೇಲ್ಗಡೆ ಹೆಸರು, ಏನು ಓದಿದ್ದೀರಿ, ಎಂಥ ಕೆಲಸ ಹುಡುಕುತ್ತಿದ್ದೀರಿ ಎಂಬ ಎರಡು ಸಾಲು. ಕೆಳಗೆ ಮೂರೇ ಮೂರು ಕೆಲಸ, ಎಲ್ಲಕ್ಕಿಂತ ಒಳ್ಳೆಯದು ಮೊದಲು. ನೋಡುವವರು ಪೂರ್ತಿ ಓದುತ್ತಾರೆಂಬ ಭ್ರಮೆ ಬೇಡ. ನೂರಾರು ಅರ್ಜಿಗಳ ನಡುವೆ ಅವರಿಗೆ ಸಿಗುವುದು ಕೆಲವೇ ಕ್ಷಣ, ಅದೂ ಬಹಳ ಸಲ ಮೊಬೈಲಿನ ಪರದೆಯಲ್ಲಿ. ಕ್ಯಾಮೆರಾದಿಂದ ತೆಗೆದ ಫೋಟೋವನ್ನು ಹಾಗೆಯೇ ಹಾಕಿದರೆ ಪುಟ ತೆರೆಯುವಷ್ಟರಲ್ಲಿ ಅವರು ಮುಂದಿನ ಅರ್ಜಿಗೆ ಹೋಗಿರುತ್ತಾರೆ. ಚಿಕ್ಕದು ಮಾಡಿ ಹಾಕಿ. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಿರಿ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪು ಮಾಡಿದ ಲೇಖನ ಇನ್ನೊಬ್ಬರ ಯಂತ್ರದಲ್ಲಿ ಗೀಚಿದ ಹಾಗೆ ಕಾಣುವುದುಂಟು, ಹುಡುಕಿದರೂ ಸಿಗುವುದಿಲ್ಲ.

ಒಂದು ಮಾತನ್ನು ಮಾತ್ರ ನಿಧಾನವಾಗಿ ಹೇಳಬೇಕು. ಬಹಳ ಮಂದಿ ಎಡವುವುದು ಇಲ್ಲಿ. ತಮ್ಮ ಕೆಲಸದ ಕಡತಗಳನ್ನು ಗೂಗಲ್ ಡ್ರೈವ್‌ನಲ್ಲಿಟ್ಟು ಕೊಂಡಿ ಕಳಿಸುತ್ತಾರೆ. ಅತ್ತ ಕಡೆಯವರು ಒತ್ತಿದರೆ 'ನಿಮಗೆ ಅನುಮತಿ ಇಲ್ಲ, ಕೇಳಿ ಪಡೆಯಿರಿ' ಎಂಬ ಪುಟ ಬರುತ್ತದೆ. ಕೇಳಿ ಪಡೆಯುವಷ್ಟು ಪುರುಸೊತ್ತು ಅವರಿಗೆಲ್ಲಿ? ನಿಮ್ಮ ಫೋನಿನಲ್ಲಿ ಅದು ಸರಿಯಾಗಿಯೇ ತೆರೆಯುತ್ತದೆ, ಏಕೆಂದರೆ ಆ ಖಾತೆ ನಿಮ್ಮದು. ಆದ್ದರಿಂದ ತಪ್ಪು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕೊಂಡಿ ಇರುವ ಯಾರು ಬೇಕಾದರೂ ನೋಡಬಹುದು, ತಿದ್ದುವಂತಿಲ್ಲ ಎಂದು ಹೊಂದಿಸಿಡಬೇಕು. ಹಾಗೆಯೇ, ಕಾಲೇಜು ಕೊಟ್ಟ ಇ-ಮೇಲ್ ಖಾತೆಯಲ್ಲಿ ಪುಟ ಕಟ್ಟಬೇಡಿ. ಓದು ಮುಗಿದ ಮೇಲೆ ಆ ಖಾತೆಯನ್ನು ಮುಚ್ಚುವುದುಂಟು. ಕೆಲಸ ಹುಡುಕುವ ಹೊತ್ತಿಗೇ ಪುಟ ಮಾಯವಾಗಿರುತ್ತದೆ.

ಅಪ್ಪ ಅಮ್ಮಂದಿರ ಪ್ರಶ್ನೆಗಳು

"ಮಗಳ ಫೋಟೋ, ವಿಳಾಸ ಎಲ್ಲ ಊರವರು ನೋಡುವ ಹಾಗೆ ಹಾಕುವುದಾ?" ಎಂದು ತಾಯಂದಿರು ಕೇಳುತ್ತಾರೆ. ಬೇಡವೇ ಬೇಡ. ಪೋರ್ಟ್‌ಫೋಲಿಯೊಕ್ಕೆ ಮುಖದ ಫೋಟೋ ಅಗತ್ಯವಿಲ್ಲ. ಮನೆಯ ವಿಳಾಸ, ಹುಟ್ಟಿದ ದಿನ, ಆಧಾರ್ ಸಂಖ್ಯೆ ಯಾವುದೂ ಅಲ್ಲಿರಬಾರದು. ಊರಿನ ಹೆಸರಷ್ಟೇ ಸಾಕು. ಸಂಪರ್ಕಕ್ಕೆ ಇದಕ್ಕೆಂದೇ ತೆರೆದ ಒಂದು ಇ-ಮೇಲ್. ಹೆಸರು ಮರ್ಯಾದೆಯದ್ದಾಗಿರಲಿ, ಪಿ.ಯು.ಸಿ.ಯಲ್ಲಿ ತಮಾಷೆಗೆ ಇಟ್ಟುಕೊಂಡದ್ದು ಬೇಡ. ಫೋನ್ ನಂಬರನ್ನು ಅರ್ಜಿಯಲ್ಲಿ ಕೊಡಿ, ಪುಟದಲ್ಲಿ ಬೇಡ. ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿ ತೂಗುಹಾಕುವುದೂ ತಪ್ಪು. ಅದರಲ್ಲಿ ಹುಟ್ಟಿದ ದಿನ, ತಾಯಿಯ ಹೆಸರು, ನೋಂದಣಿ ಸಂಖ್ಯೆ ಎಲ್ಲ ಇರುತ್ತವೆ. 2015ರಿಂದ ಡಿಜಿಲಾಕರ್ ಇದೆ; ಅದರಲ್ಲಿಟ್ಟುಕೊಂಡು ಕೇಳಿದವರಿಗೆ ಮಾತ್ರ ಕೊಡಬಹುದು.

"ಎಷ್ಟು ಖರ್ಚು?" ಎಂಬುದು ತಂದೆಯರ ಪ್ರಶ್ನೆ. ಗಣಕಯಂತ್ರದ ಮುಂದೆ ಕೂರುವ ಸಮಯ ಬಿಟ್ಟರೆ ಖರ್ಚಿಲ್ಲ. ಹಣ ಕೊಟ್ಟರೆ ಚೆಂದದ ಪುಟ ಮಾಡಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಚೆಂದ ಅವರದಾಗುತ್ತದೆ, ಮಗನಿಗೆ ಅದರೊಳಗೆ ಒಂದು ಸಾಲು ತಿದ್ದಲೂ ಬರುವುದಿಲ್ಲ. ಪುಟ ನೋಡಿ ಬಂದ ಪತ್ರಗಳ ವಿಷಯದಲ್ಲೂ ಜಾಗ್ರತೆ ಬೇಕು. 'ನೀವು ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಳಿಸಿ' ಎಂದು ಯಾರು ಬರೆದರೂ ಅದು ಮೋಸವೆಂದೇ ತಿಳಿಯಿರಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ನಿಮ್ಮಿಂದ ಹಣ ಕೇಳುವುದಿಲ್ಲ. ಹಣ ಹೋಗಿಯೇ ಬಿಟ್ಟರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930ಕ್ಕೆ ಫೋನು ಮಾಡಬೇಕು. ಅದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ತಡಮಾಡಿದಷ್ಟೂ ಹಣ ಮರಳಿ ಸಿಗುವ ಆಸೆ ಕಡಿಮೆ.

ಮೂರನೆಯ ಪ್ರಶ್ನೆ ಇತ್ತೀಚಿನದು. ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಹೇಳಿದರೆ ಪುಟವನ್ನೂ ಬರಹವನ್ನೂ ಅದೇ ಮಾಡಿಕೊಡುತ್ತದಲ್ಲ? ಮಾಡಿಕೊಡುತ್ತದೆ. ಪಕ್ಕದ ಮನೆಯವನಿಗೂ ಮಾಡಿಕೊಡುತ್ತದೆ, ಇಬ್ಬರದೂ ಒಂದೇ ಅಚ್ಚಿನಲ್ಲಿರುತ್ತದೆ. ಸಂದರ್ಶನದಲ್ಲಿ 'ಈ ಸಾಲು ಏಕೆ ಹೀಗೆ ಬರೆದಿರಿ, ಈ ಅಂಕಿ ಎಲ್ಲಿಂದ ಬಂತು' ಎಂದು ಕೇಳುತ್ತಾರೆ. ಅಜ್ಜನ ಡೈರಿಯ 1,220 ಸಂಖ್ಯೆ ತಾನೇ ಕುಳಿತು ಏರಿಸಿದವಳು ಅದಕ್ಕೆ ಹತ್ತು ನಿಮಿಷ ಉತ್ತರ ಕೊಡುತ್ತಾಳೆ. ಯಂತ್ರದ ಸಹಾಯ ಪಡೆದಿದ್ದರೆ ಎಲ್ಲಿ ಪಡೆದೆ ಎಂದು ಒಂದು ಸಾಲು ಬರೆದುಬಿಡಿ, ಅದರಲ್ಲಿ ಅವಮಾನವಿಲ್ಲ. ಬೇರೆಯವರ ಕೆಲಸವನ್ನು ತನ್ನದೆಂದು ಹಾಕುವುದು ಮಾತ್ರ ಕೂಡದು. ನಾಲ್ಕು ಮಂದಿಯ ಪ್ರಾಜೆಕ್ಟಾದರೆ ತನ್ನ ಪಾಲು ಎಷ್ಟೋ ಅಷ್ಟನ್ನೇ ಹೇಳಬೇಕು.

ನಮ್ಮ ಕಾಲದಲ್ಲಿ ಬಯೋಡಾಟಾ ಟೈಪು ಮಾಡಿಸಿ, ನಕಲು ಪ್ರತಿಗಳನ್ನು ಹಿಡಿದು ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಕಚೇರಿಯ ಬಾಗಿಲಲ್ಲಿ ಅರ್ಧ ದಿನ ಕಾಯುತ್ತಿದ್ದೆವು. 'ಮೂಲ ಪ್ರತಿ ನೋಡಿದ್ದೇನೆ' ಎಂದು ಅವರು ಬರೆದರೆ ನಾವು ಸತ್ಯವಂತರು. ನಮಗೆ ಟೈಪಿಂಗ್ ಬರುತ್ತದೆಯೋ, ಲೆಕ್ಕ ಬರುತ್ತದೆಯೋ ಎಂದು ಅವರಿಗೂ ಗೊತ್ತಿರಲಿಲ್ಲ, ನೌಕರಿ ಕೊಡುವವರಿಗೂ ಗೊತ್ತಿರಲಿಲ್ಲ. ಆ ಅಧಿಕಾರಿಯ ಮೇಜಿನ ಮುಂದೆ ನಿಂತ ನೆನಪಿರುವ ತಂದೆತಾಯಿಗೆ, ಮಗ ಮಾಡಿದ ಕೆಲಸವೇ ಅವನ ಪರವಾಗಿ ಸಹಿ ಹಾಕಬಹುದು ಎಂಬುದು ಅರ್ಥವಾಗದೆ ಇರದು.

ಎಲ್ಲಿ ಪ್ರಯೋಜನವಿಲ್ಲ

ಎಲ್ಲರೂ ಇದನ್ನು ಮಾಡಲೇಬೇಕೆಂದು ನಾನು ಹೇಳುವುದಿಲ್ಲ. ಸರ್ಕಾರಿ ನೌಕರಿ, ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ನಿಯಮದಂತೆ ಅಂಕವೇ ಮುಖ್ಯ. ಅವರು ಆ ಎರಡು ಮಧ್ಯಾಹ್ನಗಳನ್ನು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಬಳಸಲಿ. ನರ್ಸಿಂಗ್ ಓದಿ ಹೊರನಾಡಿಗೆ, ಹೊರದೇಶಕ್ಕೆ ಹೋಗುವ ಮಕ್ಕಳು ನಮ್ಮ ಕಡೆ ಬಹಳ. ಅವರಿಗೆ ಮುಖ್ಯವಾದದ್ದು ಕೌನ್ಸಿಲಿನ ನೋಂದಣಿ, ಆಸ್ಪತ್ರೆಯ ಅನುಭವ ಪತ್ರ. ಪುಟ ಚೆಂದವಾಗಲೆಂದು ವಾರ್ಡಿನ ಫೋಟೋ, ರೋಗಿಯ ಫೋಟೋ ಹಾಕಿದರೆ ಸಿಗಬೇಕಾದ ಕೆಲಸವೂ ಕೈತಪ್ಪೀತು. ಊರಲ್ಲೇ ನಿಂತು ತೋಟ ನೋಡಿಕೊಳ್ಳುವೆನೆಂಬ ಹುಡುಗನಿಗೆ ನೌಕರಿಗಾಗಿ ಇದು ಬೇಕಾಗಿಲ್ಲ. ಆದರೆ ಕಾಳುಮೆಣಸಿನ ಗಿಡವೋ ಮನೆಯಲ್ಲಿ ಮಾಡಿದ ಹಪ್ಪಳವೋ ಮಾರುವುದಿದ್ದರೆ ಅದೇ ವಿದ್ಯೆ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನು ಪೋರ್ಟ್‌ಫೋಲಿಯೊ ಮಾಡಿದ ಕೂಡಲೇ ಪತ್ರಗಳು ಬಂದು ಬೀಳುತ್ತವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂತರಜಾಲದಲ್ಲಿ ಸುಮ್ಮನೆ ಇಟ್ಟ ಪುಟವನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಅರ್ಜಿಯ ಮೊದಲ ಸಾಲಿನಲ್ಲಿ ಕೊಂಡಿ ಕೊಡಬೇಕು, ಆ ಕೆಲಸಕ್ಕೆ ಸಂಬಂಧಪಟ್ಟದ್ದು ಯಾವುದೆಂದು ಹೆಸರಿಸಬೇಕು. ಹತ್ತು ಕಡೆ ಕಳಿಸಿದರೆ ಒಂಬತ್ತು ಕಡೆಯಿಂದ ಉತ್ತರವೇ ಬಾರದಿರಬಹುದು. ಹತ್ತನೆಯವರು ಫೋನು ಮಾಡಿ 'ನಿಮ್ಮ ಊರಲ್ಲಿ ಅಷ್ಟೊಂದು ಮಳೆ ಬರುತ್ತದೆಯೇ?' ಎಂದು ಕೇಳಿದರೆ ಮಾತು ಅಲ್ಲಿಂದ ಶುರುವಾಗುತ್ತದೆ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ನೋಡಿ ಬೆಳೆದವರಿಗೆ ಆ ಪ್ರಶ್ನೆಗೆ ಉತ್ತರ ಕೊಡಲು ಇಂಗ್ಲಿಷೂ ಅಷ್ಟು ಕಷ್ಟವಾಗದು.

ಬೆಂಗಳೂರು ಬಸ್ಸಿಗೆ ಇನ್ನೂ ಹೊತ್ತಿದೆಯಾದರೆ ಒಂದು ಕೆಲಸ ಮಾಡಿ. ಅಪ್ಪನ ಫೋನು ತೆಗೆದುಕೊಂಡು, ನಿಮ್ಮ ಖಾತೆ ಇಲ್ಲದ ಆ ಫೋನಿನಲ್ಲಿ, ಅರ್ಜಿಯಲ್ಲಿ ಕೊಟ್ಟ ಕೊಂಡಿಯನ್ನು ಒತ್ತಿ ನೋಡಿ. ತೆರೆಯಿತೇ? ಅಪ್ಪನಿಗೇ ಓದಲು ಕೊಡಿ. ನೀವು ಏನು ಮಾಡಿದ್ದೀರೆಂದು ಅವರಿಗೆ ಅರ್ಥವಾಗದಿದ್ದರೆ ಎಲ್ಲಿ ಅರ್ಥವಾಗಲಿಲ್ಲವೆಂದು ಕೇಳಿ, ಆ ಸಾಲನ್ನು ಅಲ್ಲೇ ತಿದ್ದಿ. ಪ್ಲಾಸ್ಟಿಕ್ ಫೈಲು ಬ್ಯಾಗಿನಲ್ಲೇ ಇರಲಿ. ಕೊನೆಗೆ ಒರಿಜಿನಲ್ ತೋರಿಸಿ ಎಂದು ಕೇಳಿಯೇ ಕೇಳುತ್ತಾರೆ.